ಸರ್ ಥಾಮಸ್ ಮನ್ರೋನ ಮನೆಯ ಕಾಗದಗಳು

ಕನ್ನಡನಾಡಿನ ಭೂಕಂದಾಯದ ಚರಿತ್ರೆಯನ್ನು ಅಲ್ಪಸ್ವಲ್ಪವಾದರೂ ಓದಿದವರಿಗೆ ಸರ್ ಥಾಮಸ್ ಮನ್ರೋನ ಹೆಸರು ಅಪರಿಚಿತವಲ್ಲ. ರೈತವಾರಿ ಪದ್ಧತಿಯ ಪ್ರವರ್ತಕನೆಂದು ಪಾಠಪುಸ್ತಕಗಳು ಆತನನ್ನು ಹೆಸರಿಸುತ್ತವೆ. ಮಂತ್ರಾಲಯದ ಯಾತ್ರಿಕರು ಆತನ ಕಥೆಯನ್ನು ಇಂದಿಗೂ ಹೇಳುತ್ತಾರೆ. ಆದರೆ ಆತನು ಒಬ್ಬ ಪತ್ರಲೇಖಕನೂ ಆಗಿದ್ದನೆಂಬುದು, ಮತ್ತು ಆತನ ವಿಷಯದಲ್ಲಿ ನಮಗಿರುವ ಅಭಿಪ್ರಾಯದ ಬಹುಭಾಗವು ಆ ಪತ್ರಗಳ ಬಲದಿಂದಲೇ ಹುಟ್ಟಿದುದೆಂಬುದು ಅಷ್ಟಾಗಿ ಗಮನಕ್ಕೆ ಬಂದಿಲ್ಲ. ಸೈನಿಕನಾಗಿದ್ದು ಬಳಿಕ ಪಾದ್ರಿಯಾದ ಜಾರ್ಜ್ ರಾಬರ್ಟ್ ಗ್ಲೆಗ್ ಎಂಬವನು ಮನ್ರೋನ ಮರಣದ ಮೂರು ವರ್ಷಗಳ ತರುವಾಯ, ೧೮೩೦ರಲ್ಲಿ, ಆತನ ಜೀವನಚರಿತ್ರೆಯನ್ನು ಪ್ರಕಟಿಸಿದನು. ಮೂರು ಸಂಪುಟಗಳ ಈ ಗ್ರಂಥದಲ್ಲಿ ಚರಿತ್ರಕಾರನ ಮಾತಿಗಿಂತ ಚರಿತ್ರನಾಯಕನ ಮಾತೇ ಹೆಚ್ಚು. ತಂದೆ, ತಾಯಿ, ಸೋದರಿ, ಹೆಂಡತಿ ಇವರಿಗೆ ಬರೆದ ಕಾಗದಗಳೂ, ಸ್ನೇಹಿತರಿಗೆ ಬರೆದವೂ, ಸರಕಾರಕ್ಕೆ ಒಪ್ಪಿಸಿದ ವರದಿ ಟಿಪ್ಪಣಿಗಳೂ ಇದರಲ್ಲಿ ಒಂದರ ಮಗ್ಗುಲಲ್ಲಿ ಒಂದು ಕುಳಿತಿವೆ.

ಹೀಗೆ ಕೂಡಿಸಿದುದರಿಂದ ಗ್ರಂಥಕ್ಕೆ ಸೊಗಸು ಬಂದಿದೆ. ಅದರೊಡನೆ ಒಂದು ದೋಷವೂ ಬಂದಿದೆ. ಮನೆಯ ಕಾಗದಗಳಲ್ಲಿ ಕಾಣುವ ಸರಳನೂ ವಿನೋದಶೀಲನೂ ವತ್ಸಲನೂ ಆದ ಮನುಷ್ಯನನ್ನು ಕಂಡು ಮೆಚ್ಚಿದ ಓದುಗನು, ಪುಟವನ್ನು ತಿರುವಿದ ಕೂಡಲೆ ಎದುರಾಗುವ ಜಮಾಬಂದಿಯ ವರದಿಯಲ್ಲಿಯೂ ಅದೇ ವಾತ್ಸಲ್ಯವನ್ನು ಕಾಣುತ್ತಾನೆ. ಒಳ್ಳೆಯ ಮಗನು, ಒಳ್ಳೆಯ ಗಂಡನು, ಆದುದರಿಂದ ಒಳ್ಳೆಯ ಕಲೆಕ್ಟರು, ಎಂಬ ಅನುಮಾನವು ತಾನಾಗಿಯೇ ಸಿದ್ಧವಾಗುತ್ತದೆ. ಈ ಅನುಮಾನವು ಸಾಧುವೇ ಎಂಬುದೇ ಪ್ರಕೃತ ಲೇಖನದ ವಿಚಾರ. ಮನೆಯ ಕಾಗದವು ಅಧಿಕಾರಿಯ ನ್ಯಾಯಕ್ಕೆ ಸಾಕ್ಷಿಯಾಗಬಲ್ಲದೆ? ಆಗಲಾರದಾದರೆ ಅದು ಬೇರೆ ಯಾವುದಕ್ಕೆ ಸಾಕ್ಷಿ?

ಮೊದಲು ಆತನ ಜೀವನದ ಮುಖ್ಯ ಘಟ್ಟಗಳನ್ನು ಸ್ಮರಿಸುವುದು ಅವಶ್ಯಕ. ಮನ್ರೋನು ೧೭೬೧ನೆಯ ಮೇ ೨೭ರಂದು ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿ ಹುಟ್ಟಿದನು. ತಂದೆ ಅಲೆಗ್ಸಾಂಡರ್ ಮನ್ರೋನು ಅಮೆರಿಕೆಯೊಡನೆ ವ್ಯಾಪಾರಮಾಡುತ್ತಿದ್ದ ವರ್ತಕ. ಅಮೆರಿಕದ ಸ್ವಾತಂತ್ರ್ಯಯುದ್ಧದಿಂದ ಆ ವ್ಯಾಪಾರವು ಮುರಿದುಬಿದ್ದು ಮನೆತನವು ಬಡತನಕ್ಕಿಳಿಯಿತು. ಮಗನು ಕಂಪೆನಿಯ ಸೈನ್ಯದಲ್ಲಿ ಕೆಡೆಟ್ಟಾಗಿ ೧೭೮೦ರ ಜನವರಿಯಲ್ಲಿ ಮದರಾಸಿಗೆ ಬಂದಿಳಿದನು. ಅದೇ ವರ್ಷ ಹೈದರ್ ಅಲಿಯ ಸೈನ್ಯವು ಕರ್ನಾಟಕದ ಬಯಲಿಗೆ ಇಳಿದುದರಿಂದ ಆತನ ವೃತ್ತಿಯು ಯುದ್ಧದಿಂದಲೇ ಮೊದಲಾಯಿತು. ೧೭೯೨ರಲ್ಲಿ ಬಾರಾಮಹಲ್ ಸೀಮೆಯು ಟಿಪ್ಪುವಿನಿಂದ ಕಂಪೆನಿಗೆ ಬಂದಾಗ ಕ್ಯಾಪ್ಟನ್ ರೀಡನ ಕೈಕೆಳಗೆ ಕಂದಾಯದ ಕೆಲಸಕ್ಕೆ ಸೇರಿ ಏಳು ವರ್ಷ ಅಲ್ಲಿದ್ದನು. ಶ್ರೀರಂಗಪಟ್ಟಣವು ಬಿದ್ದ ೧೭೯೯ರಲ್ಲಿ ಕನ್ನಡ ಜಿಲ್ಲೆಯ, ಎಂದರೆ ಕಾರವಾರದಿಂದ ಕಾಸರಗೋಡಿನವರೆಗಿನ ಕರಾವಳಿಯ, ಕಲೆಕ್ಟರನಾದನು. ೧೮೦೦ರ ಕೊನೆಯಿಂದ ೧೮೦೭ರವರೆಗೆ ನಿಜಾಮನಿಂದ ಕಂಪೆನಿಗೆ ಬಂದ ದತ್ತಮಂಡಲದಲ್ಲಿ, ಬಳ್ಳಾರಿ, ಅನಂತಪುರ, ಕಡಪೆಗಳ ಸೀಮೆಯಲ್ಲಿ, ಪ್ರಧಾನ ಕಲೆಕ್ಟರನಾಗಿದ್ದನು. ಇಪ್ಪತ್ತೆಂಟು ವರ್ಷಗಳ ಮೇಲೆ ಸ್ವದೇಶಕ್ಕೆ ಹಿಂದಿರುಗಿ, ೧೮೧೪ರಲ್ಲಿ, ತನ್ನ ಐವತ್ತೆರಡನೆಯ ವಯಸ್ಸಿನಲ್ಲಿ, ಜೇನ್ ಕ್ಯಾಂಪ್‌ಬೆಲ್ ಎಂಬ ತರುಣಿಯನ್ನು ವಿವಾಹವಾದನು. ಅದೇ ವರ್ಷ ನ್ಯಾಯಾಡಳಿತದ ಸುಧಾರಣೆಗಾಗಿ ಪುನಃ ಮದರಾಸಿಗೆ ಬಂದನು. ೧೮೧೭–೧೮ರಲ್ಲಿ ಪೇಶ್ವೆಯೊಡನೆ ನಡೆದ ಯುದ್ಧದಲ್ಲಿ ಧಾರವಾಡದಿಂದ ಹೊರಟು ಗದಗು, ಬಾದಾಮಿ, ಬೆಳಗಾವಿಗಳನ್ನು ಹಿಡಿದನು. ೧೮೨೦ರ ಜೂನಿನಿಂದ ಮದರಾಸಿನ ಗವರ್ನರನಾಗಿದ್ದು, ೧೮೨೭ನೆಯ ಜುಲೈ ೬ರಂದು ಪತ್ತಿಕೊಂಡದಲ್ಲಿ ವಾಂತಿಭೇದಿಯಿಂದ ಮೃತನಾದನು.

ಈ ನಲವತ್ತೇಳು ವರ್ಷಗಳಲ್ಲಿ ಮೊದಲ ಇಪ್ಪತ್ತೆಂಟರಷ್ಟು ಕಾಲವೂ ಮನ್ರೋನಿಗೆ ಸಂಸಾರವೆಂದರೆ ಕಾಗದವೇ. ಹಡಗು ಕೇಪ್ ಭೂಶಿರವನ್ನು ಬಳಸಿ ಹೋಗಬೇಕಾಗಿದ್ದ ಆ ದಿನಗಳಲ್ಲಿ ಬರೆದ ಓಲೆ ತಲಪುವುದಕ್ಕೆ ತಿಂಗಳುಗಳು ಹಿಡಿಯುತ್ತಿದ್ದುವು. ಉತ್ತರ ಬರುವ ವೇಳೆಗೆ ವರ್ಷವೇ ಕಳೆಯುತ್ತಿತ್ತು. ಇಂತಹ ಕಾಗದದಲ್ಲಿ ದಿನದ ವಾರ್ತೆಗೆ ಬೆಲೆಯಿಲ್ಲ. ಇಂದಿನ ಜ್ವರವನ್ನು ತಿಳಿಸಿದರೆ ಅದು ತಲಪುವಷ್ಟರಲ್ಲಿ ಬರೆದವನು ಗುಣಹೊಂದಿರಬೇಕು, ಇಲ್ಲವೆ ಇಲ್ಲದಂತಾಗಿರಬೇಕು. ಆದುದರಿಂದ ಬರೆಯುವವನು ಬೇಗ ಬದಲಾಗದ ಸಂಗತಿಗಳನ್ನು, ಸ್ಥಳದ ಆಕಾರವನ್ನು, ಬದುಕುವ ಕ್ರಮವನ್ನು, ಮನಸ್ಸಿನ ಒಲವನ್ನು ಹುಡುಕಿ ಬರೆಯುತ್ತಾನೆ. ಮನ್ರೋನ ಕಾಗದಗಳು ಇಂದಿಗೂ ಹಳಸದಿರುವುದಕ್ಕೆ ಇದು ಮುಖ್ಯ ಕಾರಣವೆಂದು ತೋರುತ್ತದೆ.

ಓದುಗರಿಗೆ ತಕ್ಕಂತೆ ಈ ಕಾಗದಗಳ ಧಾಟಿಯೂ ಬದಲಾಗುತ್ತದೆ. ತಂದೆಗೆ ಬರೆದವುಗಳಲ್ಲಿ ಯುದ್ಧವೂ ರಾಜಕಾರಣವೂ ಪ್ರಧಾನ. ಹೈದರನ ಮತ್ತು ಟಿಪ್ಪುವಿನ ಬಲಾಬಲಗಳನ್ನು ಅಲ್ಲಿ ಆತನು ಮುಚ್ಚುಮರೆಯಿಲ್ಲದೆ ತೂಗುತ್ತಾನೆ. ಸೋದರಿ ಎರ್ಸ್ಕಿನ್‌ಗೆ ಬರೆದವುಗಳಲ್ಲಿ ವಿನೋದವು ಪ್ರಧಾನ. ಪೂರ್ವದೇಶದಲ್ಲಿರುವ ಆಂಗ್ಲ ಅಧಿಕಾರಿಯೆಂದರೆ ಭೋಗದಲ್ಲಿ ತೇಲುವವನೆಂಬ ಭ್ರಾಂತಿ ಅಂದಿನ ಸ್ಕಾಟ್ಲೆಂಡಿನಲ್ಲಿತ್ತು. ಸೋದರಿಯ ಈ ಭ್ರಾಂತಿಯನ್ನು ಬಿಡಿಸುವುದಕ್ಕೆ ಮನ್ರೋನು ತರ್ಕಮಾಡುವುದಿಲ್ಲ, ದುಃಖವನ್ನೂ ತೋಡಿಕೊಳ್ಳುವುದಿಲ್ಲ. ತನ್ನ ಹಾಸಿಗೆ ಯಾವುದು, ತಲೆದಿಂಬಿನ ಸ್ಥಾನದಲ್ಲಿ ಏನಿದೆ, ಅಂಗಿಗಳು ಎಷ್ಟು, ಅವುಗಳ ಸ್ಥಿತಿ ಹೇಗೆ ಎಂದು ಜಪ್ತಿಯ ಪಟ್ಟಿಯಂತೆ ಒಂದೊಂದಾಗಿ ಎಣಿಸಿಬಿಡುತ್ತಾನೆ. ಓದುವವಳು ನಗುತ್ತಾಳೆ, ನಕ್ಕು ಮುಗಿಯುವಷ್ಟರಲ್ಲಿ ಬಡತನವು ತಿಳಿದಿರುತ್ತದೆ. ಊಹಾಪೋಹದ ಎದುರಿಗೆ ಎಣಿಸಿದ ಲೆಕ್ಕವನ್ನಿಡುವ ಈ ರೀತಿಯನ್ನು ನಾವು ನೆನಪಿನಲ್ಲಿಡಬೇಕು. ಮುಂದೆ ರೆವಿನ್ಯೂ ಬೋರ್ಡಿನ ಸದಸ್ಯರ ಭ್ರಾಂತಿಯನ್ನು ಬಿಡಿಸುವಾಗಲೂ ಆತನು ಹಿಡಿದುದು ಇದೇ ದಾರಿ.

ಆತನ ಓದಿನ ವಿಸ್ತಾರವೂ ಈ ಕಾಗದಗಳಿಂದಲೇ ತಿಳಿಯುತ್ತದೆ. ಬಾಲ್ಯದಲ್ಲಿ ಡಾನ್ ಕ್ವಿಕ್ಸೋಟನ್ನು ಮೂಲದಲ್ಲಿ ಓದಬೇಕೆಂದು ಸ್ಪಾನಿಷ್ ಭಾಷೆಯನ್ನು ತಾನಾಗಿಯೇ ಕಲಿತವನು ಈತ. ಪಾರಸಿಯನ್ನು ಕಲಿತಮೇಲೆ ಒಂದು ಹಸ್ತಪ್ರತಿಯಲ್ಲಿ ಷೈಲಾಕನ ಕಥೆಯನ್ನು ಹೋಲುವ ಕಥೆಯೊಂದನ್ನು ಕಂಡು, ಅದನ್ನು ಇಂಗ್ಲಿಷಿಗೆ ತಿರುಗಿಸಿ ಊರಿಗೆ ಕಳುಹಿಸಿದನು. ಷೇಕ್ಸ್‌ಪಿಯರನ ಸಂಪಾದಕನಾದ ಮಲೋನನು ಅದನ್ನು ತನ್ನ ಆವೃತ್ತಿಯಲ್ಲಿ ಉಪಯೋಗಿಸಿಕೊಂಡನು. ಡೇರೆಯಲ್ಲಿ ಕುಳಿತ ಒಬ್ಬ ಕಿರಿಯ ಸೈನಿಕನ ಅಭಿರುಚಿಗೆ ಇದಕ್ಕಿಂತ ಬೇರೆ ನಿದರ್ಶನ ಬೇಡ.

ಇನ್ನು ನಮ್ಮ ಮುಖ್ಯ ವಿಚಾರಕ್ಕೆ ಬರೋಣ. ಕಾಗದದಲ್ಲಿ ಕಾಣುವ ಪ್ರೀತಿಗೂ ವರದಿಯಲ್ಲಿ ಕಾಣುವ ನ್ಯಾಯಕ್ಕೂ ಸಂಬಂಧವುಂಟೇ ಎಂಬುದನ್ನು ಪರೀಕ್ಷಿಸುವುದಕ್ಕೆ ಮನ್ರೋನ ಜೀವನದಲ್ಲಿಯೇ ಒಂದು ಸಾಧನವಿದೆ. ಆತನು ಒಂದು ಸೀಮೆಯನ್ನು ಪ್ರೀತಿಸಿದನು, ಇನ್ನೊಂದನ್ನು ಪ್ರೀತಿಸಲಿಲ್ಲ. ಪ್ರೀತಿಸಿದುದು ಬಾರಾಮಹಲನ್ನು. ಧರ್ಮಪುರಿಯಲ್ಲಿ ತಾನೇ ಮಾಡಿಸಿದ ತೋಟ, ಅಲ್ಲಿನ ಹಣ್ಣಿನ ಗಿಡಗಳು, ಸ್ನಾನದ ಕೊಳ ಇವುಗಳನ್ನು ಬಿಟ್ಟುಬರಬೇಕಾದಾಗ ಆತನು ಬರೆದುದು ವಿರಹಿಯ ಮಾತಿನಂತಿದೆ. ಪ್ರೀತಿಸದೆ ಹೋದುದು ನಮ್ಮ ಕರಾವಳಿಯನ್ನು. ಅಲ್ಲಿಗೆ ಹೋಗುವ ಇಚ್ಛೆಯೇ ಆತನಿಗಿರಲಿಲ್ಲ. ತಿಂಗಳುಗಟ್ಟಲೆ ಬಿಡದೆ ಹೊಯ್ಯುವ ಮಳೆ, ಹೆಜ್ಜೆಹೆಜ್ಜೆಗೂ ಅಡ್ಡಬರುವ ಹೊಳೆಗಳು, ಸಂಚಾರಕ್ಕೆ ಒದಗದ ದಾರಿ ಇವುಗಳನ್ನು ಕುರಿತ ಬೇಸರವನ್ನು ಆತನು ಸ್ನೇಹಿತರಿಂದ ಮರೆಮಾಚಲಿಲ್ಲ. ಒಂದೂಕಾಲು ವರ್ಷದಲ್ಲಿ ಅಲ್ಲಿಂದ ಬಿಡುಗಡೆ ಹೊಂದಿದಾಗ ಸಂತೋಷವನ್ನೇ ಪಟ್ಟನು.

ಆದರೆ ಇದೇ ಬೇಸರದ ಕಾಲದಲ್ಲಿ, ೧೮೦೦ರ ಮೇ ಮತ್ತು ನವೆಂಬರ್ ತಿಂಗಳುಗಳಲ್ಲಿ, ಬೋರ್ಡಿಗೆ ಬರೆದ ವರದಿಗಳು ಏನು ಹೇಳುತ್ತವೆ? ಈ ಸೀಮೆಯಲ್ಲಿ ನೆಲವು ಅರಸನ ಸೊತ್ತಲ್ಲ, ಒಕ್ಕಲಿನವನ ಸೊತ್ತು. ತಂದೆಯಿಂದ ಮಗನಿಗೆ ಬರುವ, ಮಾರುವ, ಅಡವಿಡುವ ಹಕ್ಕುಗಳೆಲ್ಲ ಪ್ರಾಚೀನವಾದುವು ಎಂಬುದನ್ನು ಆತನು ಸ್ಥಳದ ಕಾಗದಪತ್ರಗಳಿಂದಲೇ ಸಿದ್ಧಪಡಿಸಿದನು. ಶ್ಯಾನುಭೋಗರ ವಶದಲ್ಲಿದ್ದ ಕಡತಗಳನ್ನು ತೆರೆಯಿಸಿ, ವಿಜಯನಗರದ ಮತ್ತು ಬಿದನೂರಿನ ಅರಸರ ಕಾಲದ ಶಿಸ್ತಿನ ದರವಾವುದು, ಹೈದರ್ ಟಿಪ್ಪುಗಳ ಕಾಲದಲ್ಲಿ ಅದರ ಮೇಲೆ ಕೂಡಿದ ಹೆಚ್ಚಳವಾವುದು ಎಂದು ಬೇರೆಬೇರೆಯಾಗಿ ಗುರುತಿಸಿದನು. ಕಂಪೆನಿಯ ಅಧಿಕಾರಿಗಳಲ್ಲಿ ಅನೇಕರು ಪೂರ್ವದೇಶದಲ್ಲಿ ಭೂಮಿಗೆ ಅರಸನಲ್ಲದೆ ಬೇರೆ ಒಡೆಯನಿಲ್ಲವೆಂದು ನಂಬಿದ್ದ ಕಾಲವದು. ಆ ನಂಬಿಕೆಯ ಎದುರಿಗೆ ಮನ್ರೋನು ಇಟ್ಟುದು ಸಿದ್ಧಾಂತವನ್ನಲ್ಲ, ಕಡತವನ್ನು. ಸೋದರಿಯ ಎದುರಿಗೆ ಅಂಗಿಗಳ ಲೆಕ್ಕವನ್ನಿಟ್ಟಂತೆಯೇ ಇದು.

ಇದರಿಂದ ಏನು ಸಿದ್ಧವಾಯಿತು? ಮನಸ್ಸು ಒಲಿಯದ ಸೀಮೆಯಲ್ಲಿಯೇ ಆತನು ಜನರ ಹಕ್ಕಿಗೆ ಹೆಚ್ಚು ಗೌರವವನ್ನು ಕೊಟ್ಟನು. ಆ ಗೌರವಕ್ಕೆ ಕಾರಣವು ಒಲವಲ್ಲ; ಜನರು ತಮ್ಮ ಹಕ್ಕನ್ನು ಬರೆದಿಟ್ಟುಕೊಂಡಿದ್ದರು ಎಂಬುದು, ಮತ್ತು ಬರೆದುದನ್ನು ಅಲ್ಲಗಳೆಯುವ ಸ್ವಭಾವ ಆತನದಾಗಿರಲಿಲ್ಲ ಎಂಬುದು. ಕರಾವಳಿಯ ಒಕ್ಕಲಿನವನನ್ನು ಅಷ್ಟರಮಟ್ಟಿಗೆ ಕಾಪಾಡಿದುದು ಕಲೆಕ್ಟರನ ಹೃದಯಕ್ಕಿಂತ ಶ್ಯಾನುಭೋಗನ ಲೇಖನಿಯೆಂದು ಹೇಳಿದರೆ ಅತಿಶಯೋಕ್ತಿಯಾಗದು.

ದತ್ತಮಂಡಲದ ಏಳು ವರ್ಷಗಳನ್ನು ನೋಡಿದರೆ ಇದೇ ಮಾತು ಇನ್ನೊಂದು ಕಡೆಯಿಂದ ದೃಢವಾಗುತ್ತದೆ. ಈ ಸೀಮೆಯ ಜನರೊಡನೆ ಆತನು ಬೆರೆತಷ್ಟು ಬೇರೆಲ್ಲಿಯೂ ಬೆರೆಯಲಿಲ್ಲ. ಬಹುಕಾಲ ಡೇರೆಯಲ್ಲಿಯೇ ವಾಸ, ಊರಿಂದೂರಿಗೆ ಸಂಚಾರ. ಜನಸ್ಮೃತಿಯಲ್ಲಿ ಆತನಿಗೆ ದೊರೆತಿರುವ ಸ್ಥಾನವೆಲ್ಲ ಈ ಸೀಮೆಯದು; ಮಕ್ಕಳಿಗೆ ಮನ್ರೋಲಪ್ಪನೆಂದು ಹೆಸರಿಟ್ಟ ಮನೆಗಳು ಇಲ್ಲಿದ್ದುವು. ಆದರೂ ಲೆಕ್ಕದ ಪುಸ್ತಕವು ಬೇರೊಂದು ಕಥೆಯನ್ನು ಹೇಳುತ್ತದೆ. ಯುದ್ಧದಿಂದಲೂ ಲೂಟಿಯಿಂದಲೂ ಕ್ಷಾಮದಿಂದಲೂ ಬಸವಳಿದಿದ್ದ ಈ ನಾಡಿನಲ್ಲಿ ಏಳು ವರ್ಷಗಳೊಳಗಾಗಿ ಕಂದಾಯವು ಸುಮಾರು ಒಂದೂವರೆಯಷ್ಟಾಯಿತು. ಸುಮಾರು ೮೦ ಮಂದಿ ಪಾಳೆಯಗಾರರಲ್ಲಿ ಅನೇಕರು ಸೀಮೆಯನ್ನು ಕಳೆದುಕೊಂಡರು; ಅವರ ವಿಷಯದಲ್ಲಿ ಆತನು ನಡೆದುಕೊಂಡ ರೀತಿಯನ್ನು ಲಂಡನ್ನಿನ ಡೈರೆಕ್ಟರುಗಳೇ ಆಕ್ಷೇಪಿಸಿದರು.

೧೮೦೭ನೆಯ ಆಗಸ್ಟ್ ತಿಂಗಳಲ್ಲಿ, ಊರಿಗೆ ಹೊರಡುವ ಮುನ್ನ, ಮನ್ರೋನು ಬೋರ್ಡಿಗೆ ಒಂದು ಸಲಹೆಯನ್ನು ಕಳುಹಿಸಿದನು. ಎಲ್ಲ ಭೂಮಿಗಳ ತೆರಿಗೆಯಲ್ಲಿಯೂ ನೂರಕ್ಕೆ ೨೫ರಷ್ಟನ್ನು ಇಳಿಸಬೇಕು. ಬಾವಿಯ ನೀರಿನಿಂದಲೂ ಏತಗಳಿಂದ ಎತ್ತಿದ ನೀರಿನಿಂದಲೂ ಬೆಳೆಯುವ ಭೂಮಿಗೆ ಇನ್ನೂ ನೂರಕ್ಕೆ ೮ರಷ್ಟನ್ನು ಇಳಿಸಬೇಕು. ರೈತನು ತನ್ನ ಇಚ್ಛೆಯಂತೆ ಹೊಲವನ್ನು ಹಿಡಿಯಲೂ ಬಿಡಲೂ ಸ್ವತಂತ್ರನಾಗಿರಬೇಕು, ಎಂಬುದು ಅದರ ಸಾರ. ಈ ಸಲಹೆಯನ್ನು ಗ್ಲೆಗ್ ಮೊದಲುಗೊಂಡು ಎಲ್ಲ ಚರಿತ್ರಕಾರರೂ ಕೊಂಡಾಡಿದ್ದಾರೆ, ಕೊಂಡಾಡತಕ್ಕದ್ದೇ. ಆದರೆ ಅದು ಇನ್ನೊಂದನ್ನೂ ಒಪ್ಪಿಕೊಳ್ಳುತ್ತದೆ. ನಾಲ್ಕರಲ್ಲಿ ಒಂದು ಪಾಲನ್ನು ಇಳಿಸಿದ ಹೊರತು ರೈತನು ತಲೆಯೆತ್ತಲಾರನೆಂದಮೇಲೆ, ಅದುವರೆಗೆ ವಸೂಲಾದ ಆ ಪಾಲು ರೈತನಿಗೆ ಭಾರವಾಗಿತ್ತೆಂದೇ ಅರ್ಥ. ವಸೂಲುಮಾಡಿದವನೂ ಇಳಿಸಬೇಕೆಂದವನೂ ಒಬ್ಬನೇ. ಬೋರ್ಡು ಸಲಹೆಯನ್ನು ಆಗ ಒಪ್ಪಲಿಲ್ಲ. ಆತನು ಹೊರಟುಹೋದಮೇಲೆ ಗ್ರಾಮಗಳನ್ನು ಗುತ್ತಿಗೆಗೆ ಕೊಡುವ ಪದ್ಧತಿಯು ಬಂದಿತು. ಗ್ಲೆಗ್ ಪಾದ್ರಿಯು ಹೆಚ್ಚಿದ ಕಂದಾಯವನ್ನು ದಕ್ಷತೆಯೆಂದೂ, ಇಳಿಸುವ ಸಲಹೆಯನ್ನು ಕರುಣೆಯೆಂದೂ ಹೊಗಳಿ ಮುಂದೆ ಸಾಗುತ್ತಾನೆ. ಇವೆರಡರ ನಡುವೆ ಇರುವ ಬಿರುಕನ್ನು ಕಾಣುವುದಿಲ್ಲ. ಕಾಣದಿರುವುದಕ್ಕೆ ಕಾರಣ, ನಡುವೆ ಸೇರಿಸಿದ ಮನೆಯ ಕಾಗದಗಳು. ಆ ಕಾಗದಗಳ ಮೃದುತ್ವವು ಬಿರುಕಿನ ಮೇಲೆ ಗಾರೆಯಂತೆ ಕುಳಿತಿದೆ.

ಹಾಗಾದರೆ ಮನೆಯ ಕಾಗದಗಳಿಂದ ಚರಿತ್ರೆಗೆ ಪ್ರಯೋಜನವೇ ಇಲ್ಲವೆ? ಪ್ರಯೋಜನವುಂಟು, ಆದರೆ ಅದು ಗುಣಪತ್ರದ ಪ್ರಯೋಜನವಲ್ಲ. ಅವು ಬರೆದವನ ನೋಟವು ಎಲ್ಲಿಯವರೆಗೆ ಹೋಗುತ್ತದೆ, ಎಲ್ಲಿ ನಿಲ್ಲುತ್ತದೆ ಎಂಬುದನ್ನು ತೋರಿಸುತ್ತವೆ. ತನ್ನ ಸುತ್ತ ರೈತರು ಕುಳಿತು ಮಾತನಾಡುತ್ತಿರುವಾಗಲೇ ಮನ್ರೋನು ಮನೆಗೆ ಕಾಗದವನ್ನು ಬರೆಯುತ್ತಿದ್ದುದುಂಟು. ಆ ಗದ್ದಲವನ್ನು ಆತನು ವಿನೋದದಿಂದ ವರ್ಣಿಸುತ್ತಾನೆ. ಗದ್ದಲದಲ್ಲಿ ಬೇಸರವಿಲ್ಲ, ತಿರಸ್ಕಾರವೂ ಇಲ್ಲ. ಆದರೆ ಹೊಲದ ವ್ಯಾಜ್ಯವನ್ನು ಹೇಳಬಂದವನು, ಬೆಳೆ ಹೋಯಿತೆಂದು ಅಳುವವನು, ತೆರಿಗೆಯನ್ನು ತಗ್ಗಿಸೆಂದು ಹಟಹಿಡಿದವನು, ಇವರಿಗೆ ಮನೆಯ ಕಾಗದದಲ್ಲಿ ಹೆಸರು ದೊರೆಯುವುದು ವಿರಳ. ನದಿಗಳಿಗೆ ಹೆಸರಿದೆ, ಬೆಟ್ಟಗಳಿಗೆ ಹೆಸರಿದೆ, ಗಿಡಗಳಿಗೂ ಹೆಸರಿದೆ. ಸೋದರಿಗೆ ಆ ಹೆಸರುಗಳಿಂದ ಪ್ರಯೋಜನವಿಲ್ಲವೆಂದು ನಾವು ಸಮಾಧಾನ ಹೇಳಬಹುದು. ಆದರೂ ಹಲವು ವರ್ಷಗಳ ಒಡನಾಟವು ಬಹುಮಟ್ಟಿಗೆ ಒಂದು ಗುಂಪಿನ ದನಿಯಾಗಿಯೇ ಉಳಿದುಹೋಯಿತೆಂಬುದು ಅಲ್ಲಗಳೆಯುವಂತಹುದಲ್ಲ.

ಈ ಮಿತಿಯು ಕಾಗದದಲ್ಲಿಯೇ ಕೊನೆಗಾಣುವುದಿಲ್ಲ. ಗವರ್ನರನಾದಮೇಲೆ ಮನ್ರೋನು ಬರೆದ ಎರಡು ಟಿಪ್ಪಣಿಗಳು ಪ್ರಸಿದ್ಧವಾಗಿವೆ. ೧೮೨೪ನೆಯ ಡಿಸೆಂಬರ್ ೩೧ರ ದೀರ್ಘ ಟಿಪ್ಪಣಿಯಲ್ಲಿ, ದೇಶೀಯರನ್ನು ದೊಡ್ಡ ಅಧಿಕಾರಗಳಿಂದ ದೂರವಿಡುವುದರಿಂದ ಅವರ ಶೀಲವೇ ಕುಗ್ಗುವುದೆಂದೂ, ಅವರಲ್ಲಿ ನಂಬಿಕೆಯಿಡದ ಆಳ್ವಿಕೆಯು ಅವರನ್ನು ಎತ್ತಲಾರದೆಂದೂ, ಮುಂದೆ ಅವರೇ ತಮ್ಮನ್ನು ಆಳಿಕೊಳ್ಳುವ ದಿನವೊಂದು ಬರಬೇಕೆಂದೂ ವಾದಿಸಿದನು. ಆ ಕಾಲದ ಆಂಗ್ಲರಲ್ಲಿ ಇಷ್ಟು ದೂರ ನೋಡಿದವರು ಕೆಲವರೇ. ಆದರೆ ಎರಡು ವರ್ಷ ಮುಂಚೆ, ೧೮೨೨ನೆಯ ಏಪ್ರಿಲ್ ತಿಂಗಳಲ್ಲಿ, ಮುದ್ರಣಸ್ವಾತಂತ್ರ್ಯವು ಈ ದೇಶದಲ್ಲಿ ಅಪಾಯಕರವೆಂದೂ ಅದನ್ನು ಕೊಡಕೂಡದೆಂದೂ ಬರೆದವನೂ ಆತನೇ. ಡೇರೆಯ ಬಾಗಿಲಲ್ಲಿ ಎದುರು ಕುಳಿತು ಗದ್ದಲಮಾಡುವ ರೈತನ ಮಾತು ಆತನಿಗೆ ಸಹ್ಯವಾಗಿತ್ತು. ಅದೇ ಮಾತು ಅಚ್ಚಿನಲ್ಲಿ ಹೆಸರುಗೊಂಡು ಊರೂರಿಗೆ ಹರಡುವುದು ಸಹ್ಯವಾಗಿರಲಿಲ್ಲ. ತಂದೆಯು ಮಕ್ಕಳ ಮಾತನ್ನು ಮನೆಯೊಳಗೆ ಕೇಳುವನು, ಬೀದಿಯಲ್ಲಿ ಕೇಳನು. ಮನೆತನದ ಈ ಭಾವನೆಯನ್ನೇ ರಾಜ್ಯಕ್ಕೆ ವಿಸ್ತರಿಸಿದರೆ ಅದರಿಂದ ದೊರೆಯುವ ಒಳಿತೂ ಇಷ್ಟೇ, ಕೆಡುಕೂ ಇಷ್ಟೇ.

ಮನ್ರೋನ ನಿಜವಾದ ಸಂಸಾರಜೀವನವು ಹದಿಮೂರು ವರ್ಷಗಳದು. ಹಿರಿಯ ಮಗ ಥಾಮಸನು ೧೮೧೯ರಲ್ಲಿ, ತಂದೆತಾಯಿಗಳು ಸ್ವದೇಶಕ್ಕೆ ಹೋಗುತ್ತಿದ್ದಾಗ, ಹಡಗಿನಲ್ಲಿಯೇ ಹುಟ್ಟಿದನು. ಅದೇ ವರ್ಷದ ಕೊನೆಯಲ್ಲಿ ಮದರಾಸಿನ ಅಧಿಕಾರಕ್ಕಾಗಿ ಹೊರಟಾಗ ಆ ಕೂಸನ್ನು ಸ್ಕಾಟ್ಲೆಂಡಿನಲ್ಲಿ ಬಿಟ್ಟುಬಂದರು. ತಂದೆಯು ಆ ಮಗನನ್ನು ಮತ್ತೆ ನೋಡಲಿಲ್ಲ. ಎರಡನೆಯ ಮಗ ಕ್ಯಾಂಪ್‌ಬೆಲ್ಲನು ೧೮೨೩ರಲ್ಲಿ ಮದರಾಸಿನಲ್ಲಿ ಹುಟ್ಟಿದನು. ೧೮೨೩ರಲ್ಲಿಯೇ ಅಧಿಕಾರದಿಂದ ಬಿಡುಗಡೆಯನ್ನು ಮನ್ರೋನು ಬೇಡಿದ್ದನು. ಬರ್ಮಾ ಯುದ್ಧವು ಬಂದುದರಿಂದ ಉಳಿಯಬೇಕಾಯಿತು. ೧೮೨೬ರಲ್ಲಿ ಯುದ್ಧವು ಮುಗಿದಮೇಲೂ ಉತ್ತರಾಧಿಕಾರಿಯ ನೇಮಕವು ತಡವಾಯಿತು. ಆ ವರ್ಷ ಕಿರಿಯ ಮಗನ ದೇಹಸ್ಥಿತಿಯ ನಿಮಿತ್ತ ಲೇಡಿ ಮನ್ರೋಳು ಮಗುವಿನೊಡನೆ ಊರಿಗೆ ಹೊರಟುಹೋದಳು.

ಅವರು ಹೋದಮೇಲೆ ಗಿಂಡಿಯ ಮನೆಯಿಂದ ಮನ್ರೋನು ಹೆಂಡತಿಗೆ ಬರೆದ ಕಾಗದವು ಈ ಗ್ರಂಥದ ಅತ್ಯುತ್ತಮ ಭಾಗವೆಂದು ನಮ್ಮ ಅಭಿಪ್ರಾಯ. ಬರಿದಾದ ಕೋಣೆಗಳು, ಮಗುವಿಲ್ಲದ ತೋಟ, ಒಬ್ಬನೇ ತಿರುಗಾಡುವ ಮುದುಕ. ಇವಿಷ್ಟೇ ಅದರ ವಸ್ತು. ಶೋಕವನ್ನು ಹೇಳುವ ದೊಡ್ಡ ಮಾತುಗಳಿಲ್ಲ. ಹಳೆಯ ಪಟ್ಟಿಯ ರೀತಿಯೇ ಇಲ್ಲಿಯೂ ನಡೆದಿದೆ: ಇದು ಇಲ್ಲಿದೆ, ಇದು ಇಲ್ಲಿದೆ, ಇದ್ದವರು ಮಾತ್ರ ಇಲ್ಲ. ನಲವತ್ತು ವರ್ಷ ಹೊಲಗಳನ್ನೂ ಕೆರೆಗಳನ್ನೂ ಮರಗಳನ್ನೂ ಎಣಿಸಿ ಪಳಗಿದ ಕಣ್ಣು ತನ್ನ ಮನೆಯ ಶೂನ್ಯವನ್ನೂ ಅದೇ ಕ್ರಮದಲ್ಲಿ ಎಣಿಸಿತು. ಆಡಳಿತದ ಅಭ್ಯಾಸವು ಸಾಹಿತ್ಯಗುಣವಾಗಿ ಮಾರ್ಪಡುವ ಇಂತಹ ಸಂದರ್ಭ ಅಧಿಕಾರಿಗಳ ಪತ್ರಗಳಲ್ಲಿ ಅಪೂರ್ವ.

ಆದರೆ ಇಲ್ಲಿಯೂ ಚರಿತ್ರಕಾರನ ಒಂದು ಕೊರತೆಯನ್ನು ಹೇಳಲೇಬೇಕು. ಗ್ರಂಥವು ಮನ್ರೋನ ಪತ್ರಗಳಿಂದ ಕಟ್ಟಿದುದಾದುದರಿಂದ ಲೇಡಿ ಮನ್ರೋಳ ದನಿಯು ನಮಗೆ ಬಹುಮಟ್ಟಿಗೆ ಗಂಡನ ಮೂಲಕವೇ ಕೇಳಿಸುತ್ತದೆ. ಒಂದು ಕೂಸನ್ನು ಬಿಟ್ಟುಬಂದು, ಇನ್ನೊಂದನ್ನು ಎತ್ತಿಕೊಂಡು ಸಾಗರವನ್ನು ದಾಟಿದವಳು ಆಕೆ. ಗಂಡನ ಕಾಗದಗಳನ್ನು ಅಲ್ಲಿ ಓದಿ, ಬರುವನೆಂದು ಕಾದಿದ್ದು, ಕೊನೆಗೆ ಮರಣದ ವಾರ್ತೆಯನ್ನು ಕೇಳಿದವಳು ಆಕೆ. ತಡವಾದ ಬಿಡುಗಡೆಯನ್ನು ಗ್ಲೆಗ್ ಪಾದ್ರಿಯು ಕರ್ತವ್ಯಕ್ಕೆ ಅರ್ಪಿಸಿದ ಬಲಿಯೆಂದು ಚಿತ್ರಿಸುತ್ತಾನೆ. ಅರ್ಪಿಸಿದವನು ಗಂಡನಾದರೆ ಬಲಿಯಲ್ಲಿ ಆಕೆಯ ಪಾಲೆಷ್ಟೆಂಬುದನ್ನು ಆತನು ಕೇಳಿಲ್ಲ.

೧೮೨೭ರ ಮೇ ತಿಂಗಳ ಕೊನೆಯಲ್ಲಿ ಮನ್ರೋನು ದತ್ತಮಂಡಲವನ್ನು ಕೊನೆಯ ಬಾರಿ ನೋಡಿಬರುವುದಕ್ಕೆ ಹೊರಟನು. ಗುತ್ತಿಯಿಂದ ಪತ್ತಿಕೊಂಡಕ್ಕೆ ಬಂದ ದಿನ ರೋಗವು ಹಿಡಿಯಿತು. ರಾತ್ರಿಯೇ ಪ್ರಾಣವು ಹೋಯಿತು. ದೇಹವನ್ನು ಮೊದಲು ಗುತ್ತಿಯಲ್ಲಿ ಮಣ್ಣುಮಾಡಿ, ೧೮೩೧ರಲ್ಲಿ ಮದರಾಸಿನ ಸಂತ ಮೇರಿಯ ಚರ್ಚಿಗೆ ಸಾಗಿಸಿದರು. ಉತ್ತರಾಧಿಕಾರಿ ಲಷಿಂಗ್ಟನ್ನನು ಅಧಿಕಾರವನ್ನು ವಹಿಸಿಕೊಂಡುದು ಅಕ್ಟೋಬರಿನಲ್ಲಿ.

ಗ್ಲೆಗ್ ಪಾದ್ರಿಯ ತರುವಾಯ ಈ ಎರಡು ಕಟ್ಟುಗಳನ್ನು ಬೇರ್ಪಡಿಸುವ ಪ್ರಯತ್ನಗಳು ನಡೆದುವು. ೧೮೮೧ರಲ್ಲಿ ಅಲೆಗ್ಸಾಂಡರ್ ಆರ್ಬುತ್‌ನಾಟನು ಸರಕಾರಿ ಟಿಪ್ಪಣಿಗಳನ್ನು ಆರಿಸಿ, ಜೀವನವೃತ್ತಾಂತವನ್ನು ಮುನ್ನುಡಿಯಾಗಿರಿಸಿ ಪ್ರಕಟಿಸಿದನು. ೧೮೯೪ರಲ್ಲಿ ಬ್ರಾಡ್‌ಷಾ ಎಂಬವನ ಸಂಕ್ಷಿಪ್ತ ಚರಿತ್ರೆಯು ಬಂದಿತು. ೧೯೬೬ರಲ್ಲಿ ಬೀಗಲ್‌ಹೋಲ್ ಅವರೂ, ೧೯೮೯ರಲ್ಲಿ ಬರ್ಟನ್ ಸ್ಟೈನ್ ಅವರೂ ಪ್ರಕಟಿಸಿದ ಗ್ರಂಥಗಳಲ್ಲಿ ಆಡಳಿತನೀತಿಯೇ ಪ್ರಧಾನವಾಯಿತು. ಸ್ಟೈನ್ ಅವರ ದೃಷ್ಟಿಯಲ್ಲಿ ಮನ್ರೋನು ರೈತರ ತಂದೆಗಿಂತ ಹೆಚ್ಚಾಗಿ ವಸಾಹತು ರಾಜ್ಯದ ಶಿಲ್ಪಿ. ಗ್ಲೆಗ್ ಪಾದ್ರಿಯ ಮಾರ್ದವಕ್ಕೆ ಇದು ಬೇಕಾದ ಪ್ರತ್ಯೌಷಧವೇ ಸರಿ. ಆದರೆ ಕಾಗದಗಳನ್ನು ಪೂರ್ತಿಯಾಗಿ ಬದಿಗಿಟ್ಟರೆ ನಷ್ಟವಾಗುವುದು ಚರಿತ್ರೆಗೇ. ಟಿಪ್ಪಣಿಯ ಶೈಲಿಯು ಎಲ್ಲಿ ಹುಟ್ಟಿತು, ಅದರ ಬಲವೇನು, ಅದರ ಕುರುಡೇನು ಎಂಬುದನ್ನು ತಿಳಿಯುವುದಕ್ಕೆ ಸೋದರಿಗೆ ಬರೆದ ಅಂಗಿಗಳ ಲೆಕ್ಕವೂ ಬೇಕು, ಗಿಂಡಿಯ ತೋಟವೂ ಬೇಕು.

ಕಡೆಯದಾಗಿ, ನಮ್ಮ ಜನರು ಇಟ್ಟುಕೊಂಡಿರುವ ಮನ್ರೋನ ವಿಷಯ. ಮಂತ್ರಾಲಯದ ಮಠದ ಇನಾಮನ್ನು ಸರಕಾರವು ಹಿಂದಕ್ಕೆ ತೆಗೆದುಕೊಳ್ಳಲು ಹೊರಟಾಗ, ವಿಚಾರಣೆಗೆ ಬಂದ ಮನ್ರೋನು ಪಾದರಕ್ಷೆಯನ್ನೂ ಟೊಪ್ಪಿಗೆಯನ್ನೂ ತೆಗೆದು ಬೃಂದಾವನದ ಮುಂದೆ ನಿಂತನೆಂದೂ, ೧೬೭೧ರಲ್ಲಿ ಬೃಂದಾವನಸ್ಥರಾದ ಶ್ರೀ ರಾಘವೇಂದ್ರಸ್ವಾಮಿಗಳು ಆತನಿಗೆ ಮಾತ್ರ ಕಾಣಿಸಿಕೊಂಡು ಮಾತನಾಡಿದರೆಂದೂ, ಇನಾಮು ಉಳಿಯಿತೆಂದೂ ಕಥೆ. ಪಾಪಾಘ್ನಿ ನದಿಯ ಗಂಡಿಯಲ್ಲಿ ಎರಡು ಬೆಟ್ಟಗಳ ನಡುವೆ ಕಟ್ಟಿದ ಚಿನ್ನದ ತೋರಣವನ್ನು ಆತನು ಕಂಡನೆಂದೂ, ಅದನ್ನು ಕಂಡವರು ಬಹುಕಾಲ ಬದುಕುವುದಿಲ್ಲವೆಂದೂ ಕಡಪೆಯ ಕಡೆಯಲ್ಲಿ ಇನ್ನೊಂದು ಕಥೆ. ಇವುಗಳ ಐತಿಹಾಸಿಕತೆಯನ್ನು ಇಲ್ಲಿ ಚರ್ಚಿಸಬೇಕಾಗಿಲ್ಲ. ಆದರೆ ಮಂತ್ರಾಲಯದ ಕಥೆಯ ರಚನೆಯನ್ನು ಮನೆಯ ಕಾಗದಗಳ ಪಕ್ಕದಲ್ಲಿಟ್ಟು ನೋಡಬೇಕು. ಕಾಗದದಲ್ಲಿ ಸಾಹೇಬನಿಗೆ ಹೆಸರಿದೆ, ಸುತ್ತ ಮಾತನಾಡುವವರಿಗೆ ಹೆಸರಿಲ್ಲ. ಕಥೆಯಲ್ಲಿ ಎದುರು ನಿಂತು ಮಾತನಾಡುವವರಿಗೆ ಹೆಸರಿದೆ, ಇನಾಮಿನ ಹಕ್ಕಿದೆ, ಉತ್ತರವಿದೆ. ಸಾಹೇಬನು ಜೋಡನ್ನು ಬಿಟ್ಟು ನಿಂತು ಕೇಳುತ್ತಾನೆ. ಪತ್ರಗಳಲ್ಲಿ ದೊರೆಯದ ಸ್ಥಾನವನ್ನು ಜನರು ತಮ್ಮ ಕಥೆಯಲ್ಲಿ ತಾವೇ ತೆಗೆದುಕೊಂಡರು. ಕಥೆಯು ಮನ್ರೋನನ್ನು ಹೊಗಳುತ್ತದೆಂದು ಸಾಮಾನ್ಯವಾಗಿ ತಿಳಿಯುತ್ತೇವೆ. ಹೊಗಳುವುದು ನಿಜ, ಅಧಿಕಾರಿಯು ಹೇಗಿರಬೇಕೆಂದು ಅವನಿಗೇ ಕಲಿಸುತ್ತದೆಂಬುದೂ ಅಷ್ಟೇ ನಿಜ.

ಆದುದರಿಂದ ಈ ಕಾಗದಗಳನ್ನು ತರಗತಿಯಲ್ಲಿ ಪಾಠಹೇಳುವ ಅಧ್ಯಾಪಕರು ಅವುಗಳನ್ನು ಬಿಡಿಯಾಗಿ ಓದಿಸಬಾರದೆಂದು ನಮ್ಮ ಸೂಚನೆ. ಧರ್ಮಪುರಿಯ ತೋಟದ ಕಾಗದದೊಡನೆ ಕನ್ನಡ ಜಿಲ್ಲೆಯ ವರದಿಯನ್ನೂ, ದತ್ತಮಂಡಲದ ಡೇರೆಯ ಕಾಗದದೊಡನೆ ೧೮೦೭ರ ಸಲಹೆಯನ್ನೂ, ಗಿಂಡಿಯ ಕಾಗದದೊಡನೆ ೧೮೨೨ರ ಟಿಪ್ಪಣಿಯನ್ನೂ ಜೊತೆಯಲ್ಲಿಟ್ಟು ಓದಿಸಬೇಕು. ಒಳ್ಳೆಯ ಮನುಷ್ಯನು ಬರೆದ ಒಳ್ಳೆಯ ಗದ್ಯವೆಂಬ ಮೆಚ್ಚುಗೆಯು ಇದರಿಂದ ಕಡಿಮೆಯಾಗುವುದಿಲ್ಲ. ಆ ಮೆಚ್ಚುಗೆಯು ತೀರ್ಪಿನ ಸ್ಥಾನವನ್ನು ಆಕ್ರಮಿಸದಂತೆ ಮಾತ್ರ ನೋಡಿಕೊಳ್ಳಬೇಕು. ತೀರ್ಪಿಗೆ ಬೇಕಾದ ಸಾಕ್ಷ್ಯವು ಕಡತದಲ್ಲಿದೆ. ಕಡತವನ್ನು ಓದಿದ ಕಣ್ಣು ಎಂತಹುದೆಂಬುದು ಕಾಗದದಲ್ಲಿದೆ.